ಸಂಚಾರಿ ರಂಗಭೂಮಿಯಲ್ಲಿ ಚಲಿಸುವ ಬೆಳಕು: ಆಯ್ಕೆಯ ಮಾನದಂಡಗಳ ಒಂದು ವಿಮರ್ಶೆ

೧

ಕನ್ನಡದ ನಾಟಕ ವಿಮರ್ಶೆಗಳಲ್ಲಿ ಬೆಳಕಿಗೆ ಸಲ್ಲುವ ಸ್ಥಾನ ಸಾಮಾನ್ಯವಾಗಿ ಕೊನೆಯ ಒಂದು ವಾಕ್ಯ. ವಸ್ತು, ನಿರ್ದೇಶನ, ಅಭಿನಯ, ಸಂಗೀತಗಳ ಚರ್ಚೆ ಮುಗಿದ ಮೇಲೆ ‘ಬೆಳಕು ಪೂರಕವಾಗಿತ್ತು’ ಎಂದು ಬರೆದು ವಿಮರ್ಶಕರು ಲೇಖನಿ ಕೆಳಗಿಡುತ್ತಾರೆ. ಯಾವುದಕ್ಕೆ ಪೂರಕ, ಹೇಗೆ ಪೂರಕ, ಪೂರಕವಾಗದೆ ಹೋಗಿದ್ದರೆ ನಾಟಕಕ್ಕೆ ಆಗುತ್ತಿದ್ದ ನಷ್ಟವೇನು ಎಂಬ ಪ್ರಶ್ನೆಗಳು ಅಲ್ಲಿ ಹುಟ್ಟುವುದಿಲ್ಲ. ಬೆಳಕಿನ ಸಲಕರಣೆಗಳ ವಿಚಾರವಂತೂ ವಿಮರ್ಶೆಯ ಅಂಗಳಕ್ಕೆ ಬರುವುದೇ ಇಲ್ಲ. ಅದು ಬಾಡಿಗೆಗೆ ಕೊಡುವವರ, ವಿದ್ಯುತ್ ಕೆಲಸದವರ, ಹೆಚ್ಚೆಂದರೆ ತಂಡದ ವ್ಯವಸ್ಥಾಪಕರ ಚಿಂತೆಯೆಂದು ನಾವು ಭಾವಿಸಿದ್ದೇವೆ.

ಆದರೆ ಒಂದು ತಂಡ ಯಾವ ದೀಪವನ್ನು ಕೊಂಡುಕೊಳ್ಳುತ್ತದೆ ಎಂಬುದು ಆ ತಂಡ ಮುಂದಿನ ಹತ್ತು ವರ್ಷ ಯಾವ ಬಗೆಯ ನಾಟಕ ಆಡುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕೊಂಡ ದೀಪ ಸುಮ್ಮನೆ ಪೆಟ್ಟಿಗೆಯಲ್ಲಿ ಮಲಗಿರುವುದಿಲ್ಲ. ತನ್ನನ್ನು ಬಳಸಬೇಕೆಂದು ನಿರ್ದೇಶಕನನ್ನು ಒತ್ತಾಯಿಸುತ್ತದೆ. ಈ ದೃಷ್ಟಿಯಿಂದ, ಕಳೆದ ಒಂದೂವರೆ ದಶಕದಲ್ಲಿ ಕರ್ನಾಟಕದ ಸಂಚಾರಿ ಪ್ರದರ್ಶನಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿರುವ ‘ಮೂವಿಂಗ್ ಹೆಡ್’ ದೀಪಗಳನ್ನು, ಅಂದರೆ ತಲೆ ತಿರುಗಿಸುವ ಯಾಂತ್ರಿಕ ದೀಪಗಳನ್ನು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇವುಗಳ ಭರವಸೆ ಎಷ್ಟು, ವೆಚ್ಚ ಕೈಗೆಟುಕುವಂಥದೇ ಎಂಬ ವ್ಯಾವಹಾರಿಕ ಪ್ರಶ್ನೆಗಳನ್ನೂ ಇವು ನಟನಿಗೆ ಏನು ಮಾಡುತ್ತವೆ ಎಂಬ ಸೌಂದರ್ಯದ ಪ್ರಶ್ನೆಯನ್ನೂ ಬೇರ್ಪಡಿಸಿ ಉತ್ತರಿಸಲು ಬಾರದು ಎಂಬುದು ಇಲ್ಲಿನ ವಾದ.

೨

ಚಲಿಸುವ ಬೆಳಕು ನಮ್ಮ ರಂಗಭೂಮಿಗೆ ಹೊಸದಲ್ಲ. ಯಕ್ಷಗಾನ ಬಯಲಾಟದ ರಂಗಸ್ಥಳವನ್ನು ಬಹುಕಾಲ ಬೆಳಗಿದ್ದು ದೊಂದಿ, ದೀವಟಿಗೆಗಳು. ಆ ಬೆಳಕು ಗಾಳಿಗೆ ಅಲುಗಾಡುತ್ತಿತ್ತು, ಕುಗ್ಗುತ್ತಿತ್ತು, ಮತ್ತೆ ಏಳುತ್ತಿತ್ತು. ಬಣ್ಣದ ವೇಷದ ಪ್ರವೇಶದಲ್ಲಿ ಉರಿಯುವ ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಜ್ವಾಲೆ, ಅರೆಕ್ಷಣ ಚುಟ್ಟಿಯ ಮುಖವನ್ನು ಹೊಳೆಯಿಸಿ ಮತ್ತೆ ಕತ್ತಲೆಗೆ ಒಪ್ಪಿಸುತ್ತಿತ್ತು. ಹಗುರ ಮರದಲ್ಲಿ ಕೊರೆದು, ಬೇಗಡೆ ಮತ್ತು ಕನ್ನಡಿಯ ಚೂರುಗಳನ್ನು ಕೂರಿಸಿದ ಕಿರೀಟ, ಭುಜಕೀರ್ತಿ, ಎದೆಪದಕಗಳು ಈ ಬೆಳಕನ್ನು ಹಿಡಿದು ಒಡೆದು ಚದುರಿಸುತ್ತಿದ್ದವು. ವೇಷಧಾರಿ ಕುಣಿದಾಗ ಬೆಳಕೂ ಕುಣಿಯುತ್ತಿತ್ತು. ದೀಪ ನಿಂತಲ್ಲೇ ಇದ್ದರೂ ಚಲನೆಯನ್ನು ಉಂಟುಮಾಡುತ್ತಿದ್ದವನು ನಟ.

ಈ ಸಂಗತಿಯನ್ನು ಸ್ಪಷ್ಟವಾಗಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ. ದೊಂದಿಯ ಜಾಗಕ್ಕೆ ಗ್ಯಾಸ್‌ಲೈಟು, ಅದರ ಜಾಗಕ್ಕೆ ಟ್ಯೂಬ್‌ಲೈಟು, ಆಮೇಲೆ ಹ್ಯಾಲೊಜನ್ ಬಂದಾಗ ಬೆಳಕಿನ ಪ್ರಮಾಣ ಹೆಚ್ಚುತ್ತಾ ಹೋಯಿತು. ನೆರಳು ಕಡಿಮೆಯಾಗುತ್ತಾ ಬಂತು. ಆದರೆ ಚಲನೆಯ ಮೂಲ ನಟನಲ್ಲೇ ಉಳಿದಿತ್ತು. ಮೂವಿಂಗ್ ಹೆಡ್ ದೀಪ ಬಂದ ಮೇಲೆ ಮೊದಲ ಬಾರಿಗೆ ಚಲನೆಯ ಒಡೆತನ ನಟನ ಕೈಯಿಂದ ದೀಪದ ಕೈಗೆ ದಾಟುವ ಸಾಧ್ಯತೆ ಒದಗಿತು. ಹಿಂದಿನ ಬದಲಾವಣೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಪ್ರಮಾಣದ್ದಲ್ಲ, ಗುಣದ್ದು.

ವೃತ್ತಿರಂಗಭೂಮಿ ಬೆಳಕನ್ನು ಬೆರಗಿನ ಸಾಧನವಾಗಿ ಮೊದಲೇ ಗುರುತಿಸಿಕೊಂಡಿತ್ತು. ೧೮೮೪ರಲ್ಲಿ ಸ್ಥಾಪನೆಗೊಂಡ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ಬೆಳೆಸಿದ ಟ್ರಿಕ್‌ಸೀನುಗಳ ಪರಂಪರೆ ಪ್ರಸಿದ್ಧವೇ ಆಗಿದೆ. ಬಂಗಾಳದಲ್ಲಿ ತಾಪಸ್ ಸೇನರು ೧೯೫೯ರ ‘ಅಂಗಾರ್’ ನಾಟಕದಲ್ಲಿ ಕಲ್ಲಿದ್ದಲ ಗಣಿಯೊಳಕ್ಕೆ ನೀರು ನುಗ್ಗುವ ದೃಶ್ಯವನ್ನು ಬೆಳಕಿನಿಂದಲೇ ಕಟ್ಟಿ ಪ್ರೇಕ್ಷಕರನ್ನು ನಡುಗಿಸಿದರು. ಗಣಕಯಂತ್ರವಾಗಲಿ ಯಾಂತ್ರಿಕ ದೀಪವಾಗಲಿ ಇಲ್ಲದ ಕಾಲದ ಆ ದೃಶ್ಯವನ್ನು ಇಂದಿಗೂ ನೆನೆಯಲು ಕಾರಣ, ಅಲ್ಲಿ ನೀರಿನಲ್ಲಿ ಮುಳುಗುತ್ತಿದ್ದ ಗಣಿ ಕಾರ್ಮಿಕರು ಕಣ್ಣಿನಿಂದ ಮರೆಯಾಗಲಿಲ್ಲ. ಬೆರಗು ಕಥೆಯ ಸೇವೆಯಲ್ಲಿತ್ತು. ಬೆರಗನ್ನೇ ದೋಷವೆಂದು ತಿಳಿಯುವ ಶುದ್ಧವಾದ ನಮ್ಮ ಪರಂಪರೆಗೂ ಒಪ್ಪುವಂಥದಲ್ಲ.

೩

ಮೂವಿಂಗ್ ಹೆಡ್ ದೀಪ ಹುಟ್ಟಿದ್ದು ನಾಟಕಕ್ಕಾಗಿ ಅಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿ ರೂಪುಗೊಂಡ ‘ವ್ಯಾರಿಲೈಟ್’ ದೀಪಗಳು ೧೯೮೧ರಲ್ಲಿ ಜೆನೆಸಿಸ್ ಎಂಬ ಬ್ರಿಟಿಷ್ ಸಂಗೀತ ತಂಡದ ಸಂಚಾರದಲ್ಲಿ, ಸ್ಪೇನಿನ ಬಾರ್ಸಿಲೋನಾದಲ್ಲಿ, ಮೊದಲಿಗೆ ಸಾರ್ವಜನಿಕರೆದುರು ಬೆಳಗಿದವು. ಸಾವಿರಾರು ಜನ ಸೇರುವ ಬಯಲಿನಲ್ಲಿ, ದೂರದಿಂದ ಗಾಯಕನ ಮುಖ ಕಾಣದ ಪ್ರೇಕ್ಷಕನಿಗೂ ಕಣ್ಣಿಗೆ ಏನಾದರೂ ಒದಗಿಸಬೇಕು ಎಂಬ ಅಗತ್ಯ ಅದರ ಹಿಂದಿತ್ತು. ೧೯೮೬ರಲ್ಲಿ ರೂಪುಗೊಂಡ ‘ಡಿಎಂಎಕ್ಸ್ ೫೧೨’ ಎಂಬ ಸಂಕೇತ ಪದ್ಧತಿ ಬೇರೆಬೇರೆ ತಯಾರಕರ ದೀಪಗಳನ್ನು ಒಂದೇ ತಂತಿಯಲ್ಲಿ, ಒಂದೇ ಫಲಕದಿಂದ ನಿಯಂತ್ರಿಸಲು ದಾರಿ ಮಾಡಿತು. ಒಂದು ತಂತಿಯಲ್ಲಿ ೫೧೨ ವಾಹಿನಿಗಳು. ಸಾಮಾನ್ಯ ದೀಪಕ್ಕೆ ಒಂದು ವಾಹಿನಿ ಸಾಕು. ತಲೆ ತಿರುಗಿಸುವ ದೀಪಕ್ಕೆ ಅಡ್ಡ ತಿರುಗು, ಮೇಲೆ ಕೆಳಗೆ ಬಾಗು, ಬಣ್ಣ, ಚಿತ್ರಫಲಕ, ಮಬ್ಬು, ಪ್ರಖರತೆ ಎಂದು ಹದಿನಾರೋ ಇಪ್ಪತ್ತನಾಲ್ಕೋ ವಾಹಿನಿಗಳು ಬೇಕು.

ನಮ್ಮಲ್ಲಿ ಇಂದು ಹೆಚ್ಚಾಗಿ ಕಾಣುವುದು ಎರಡು ಬಗೆ. ಮೊದಲನೆಯದು, ಊರೂರಿನ ಲೈಟಿಂಗ್‌ನವರು ‘ಶಾರ್ಪಿ’ ಎಂದು ಕರೆಯುವ ಚೂಪು ಕಿರಣದ ದೀಪ. ಇಟಲಿಯ ಕ್ಲೇ ಪಾಕಿ ಸಂಸ್ಥೆಯ ಒಂದು ದೀಪದ ಹೆಸರು ಇಂದು ಆ ಜಾತಿಗೇ ಅಂಕಿತವಾಗಿದೆ. ಚೀನಾದಲ್ಲಿ ತಯಾರಾಗುವ, ಅಗ್ಗದ, ಯಾವ ಹೆಸರೂ ಇಲ್ಲದ ಪ್ರತಿಗಳೂ ‘ಶಾರ್ಪಿ’ಗಳೇ. ಇವುಗಳ ಒಳಗಿರುವುದು ಅನಿಲ ವಿಸರ್ಜನೆಯ ಬಲ್ಬು. ಎರಡನೆಯದು ಎಲ್‌ಇಡಿ ಆಧಾರಿತ ದೀಪ. ಅದರಲ್ಲಿ ಹರಡು ಬೆಳಕಿನದು ಒಂದು, ಅಂಚು ಕತ್ತರಿಸಿ ಆಕಾರ ಕೊಡಬಲ್ಲದ್ದು ಇನ್ನೊಂದು. ಈ ಭೇದ ತಾಂತ್ರಿಕ ವಿವರವೆಂದು ಬದಿಗಿಡುವಂಥದಲ್ಲ. ಅನಿಲ ಬಲ್ಬನ್ನು ನಾಟಕದ ನಡುವೆ ಆರಿಸಿ ತಕ್ಷಣ ಹೊತ್ತಿಸಲು ಆಗುವುದಿಲ್ಲ; ಅದು ತಣಿಯಬೇಕು. ಹಾಗಾಗಿ ರಂಗದ ಮೇಲೆ ಕತ್ತಲೆಯಿದ್ದಾಗಲೂ ಪೆಟ್ಟಿಗೆಯೊಳಗೆ ಬಲ್ಬು ಉರಿಯುತ್ತಲೇ ಇರುತ್ತದೆ. ಅದರ ಮುಂದೆ ಒಂದು ತಗಡಿನ ಮುಚ್ಚಳ ಬಂದಿರುತ್ತದೆ, ಅಷ್ಟೆ. ಅದರ ಆಯುಷ್ಯವೂ ಸವೆಯುತ್ತಲೇ ಇರುತ್ತದೆ, ಅದನ್ನು ತಣಿಸುವ ಪಂಖವೂ ಸದ್ದು ಮಾಡುತ್ತಲೇ ಇರುತ್ತದೆ.

೪

‘ಭರವಸೆಯ ದೀಪ’ ಎಂದರೇನು? ಮಾರಾಟದ ಕೈಪಿಡಿಗಳು ಇದಕ್ಕೆ ಗಂಟೆಗಳ ಲೆಕ್ಕದಲ್ಲಿ ಉತ್ತರಿಸುತ್ತವೆ. ಆದರೆ ಭರವಸೆ ದೀಪದೊಳಗೆ ಮಾತ್ರ ಇರುವ ಗುಣವಲ್ಲ. ದೀಪಕ್ಕೂ ಸಂಚಾರದ ಸ್ವರೂಪಕ್ಕೂ ಇರುವ ಸಂಬಂಧ ಅದು. ಕರ್ನಾಟಕದ ಸಂಚಾರಿ ರಂಗಭೂಮಿಯಲ್ಲಿ ಸ್ಥೂಲವಾಗಿ ಮೂರು ಬಗೆಯ ಸಂಚಾರಗಳನ್ನು ಗುರುತಿಸಬಹುದು.

ಒಂದು, ಯಕ್ಷಗಾನ ಮೇಳಗಳ ಸಂಚಾರ. ನವೆಂಬರಿನಿಂದ ಪತ್ತನಾಜೆಯವರೆಗೆ ಸುಮಾರು ಆರು ತಿಂಗಳು, ಪ್ರತಿರಾತ್ರಿ ಹೊಸ ಊರು. ಹರಕೆಯಾಟ ಗದ್ದೆಯಲ್ಲೂ ನಡೆಯಬಹುದು, ಮನೆಯ ಅಂಗಳದಲ್ಲೂ ನಡೆಯಬಹುದು. ಎರಡು, ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳ ಕ್ಯಾಂಪ್. ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಟೆಂಟು ಹೂಡಿ, ವಾರಗಟ್ಟಲೆ ಅಲ್ಲೇ ನೆಲೆಸಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುವುದು. ಮೂರು, ರೆಪರ್ಟರಿಗಳ ಸಂಚಾರ. ಹೆಗ್ಗೋಡಿನ ನೀನಾಸಮ್ ೧೯೮೫ರಲ್ಲಿ ಆರಂಭಿಸಿದ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ ಇವುಗಳ ಮಾದರಿಯಲ್ಲಿ, ಆಯ್ದ ಕೆಲವು ನಾಟಕಗಳನ್ನು ಹೊತ್ತು ಊರಿಂದೂರಿಗೆ ಹೋಗಿ ಶಾಲೆಯ ಸಭಾಂಗಣ, ಮಠದ ಆವರಣ, ತಾಲ್ಲೂಕು ರಂಗಮಂದಿರಗಳಲ್ಲಿ ಆಡುವುದು.

ಒಂದೇ ದೀಪ ಈ ಮೂರರಲ್ಲಿ ಮೂರು ಬಗೆಯಾಗಿ ವರ್ತಿಸುತ್ತದೆ. ಎರಡು ಸಾವಿರ ಗಂಟೆ ಬಾಳಿಕೆಯೆಂದು ನಮೂದಿಸಿರುವ ಅನಿಲ ಬಲ್ಬೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವರ್ಷಕ್ಕೆ ನೂರು ಪ್ರದರ್ಶನ, ಪ್ರತಿ ಪ್ರದರ್ಶನಕ್ಕೆ ಸಿದ್ಧತೆಯೂ ಸೇರಿ ಮೂರು ಗಂಟೆ ಎಂದರೆ ರೆಪರ್ಟರಿಗೆ ಮುನ್ನೂರು ಗಂಟೆ; ಬಲ್ಬು ಆರು ವರ್ಷ ದಾಟುತ್ತದೆ. ಇಡೀ ರಾತ್ರಿ ಎಂಟು ಗಂಟೆ ಆಡುವ ಮೇಳಕ್ಕೆ ನೂರ ಎಂಬತ್ತು ರಾತ್ರಿಗಳಲ್ಲಿ ೧,೪೪೦ ಗಂಟೆ. ಎರಡನೆಯ ತಿರುಗಾಟದ ನಡುವೆಯೇ ಬಲ್ಬು ಮುಗಿಯುತ್ತದೆ. ಆರು ಗಂಟೆಯ ಕಾಲಮಿತಿ ಪ್ರದರ್ಶನವಾದರೂ ೧,೦೮೦ ಗಂಟೆ. ಎರಡನೆಯ ತಿರುಗಾಟವೂ ಪೂರ್ತಿಯಾಗದು. ಆದ್ದರಿಂದ ಒಬ್ಬರಿಗೆ ಅಗ್ಗವಾದದ್ದು ಇನ್ನೊಬ್ಬರಿಗೆ ದುಬಾರಿ. ಮೇಳಕ್ಕೆ ಎಲ್‌ಇಡಿಯ ಆರಂಭಿಕ ವೆಚ್ಚ ಹೆಚ್ಚಾದರೂ ಕೊನೆಗೆ ಅದೇ ಮಿತವ್ಯಯ. ಅಪರೂಪಕ್ಕೆ ಬಳಸುವವರಿಗೆ ಆ ಲೆಕ್ಕ ಅಷ್ಟು ನೇರವಲ್ಲ.

ಬಲ್ಬಿನ ಆಯುಷ್ಯಕ್ಕಿಂತ ಮುಖ್ಯವಾದದ್ದು ಪ್ರಯಾಣದ ಪೆಟ್ಟು. ಇಂಥ ದೀಪದಲ್ಲಿ ಸಣ್ಣ ಮೋಟಾರುಗಳು, ರಬ್ಬರ್ ಪಟ್ಟಿಗಳು, ಸ್ಥಾನ ಅಳೆಯುವ ಸಂವೇದಕಗಳು, ಬಾಗುವ ತಂತಿಗಳು ಇವೆ. ಲಾರಿಯ ಕುಲುಕಾಟದಲ್ಲಿ ಪಟ್ಟಿ ಹಲ್ಲು ತಪ್ಪುತ್ತದೆ, ತಿರುಗುವ ಕತ್ತಿನಲ್ಲಿನ ತಂತಿ ಸವೆದು ತುಂಡಾಗುತ್ತದೆ. ತಲೆ ಮತ್ತು ಕತ್ತಿಗೆ ಸಾಗಣೆಯ ಬೀಗ ಇರದ ದೀಪವನ್ನು, ಅದರ ಅಳತೆಗೆ ಕೊರೆದ ಸ್ಪಂಜಿನ ಪೆಟ್ಟಿಗೆಯಿಲ್ಲದೆ, ಸಂಚಾರಿ ತಂಡ ಕೊಳ್ಳಲೇಬಾರದು. ಆಟ ಮುಗಿದೊಡನೆ ಬಿಸಿ ದೀಪವನ್ನು ಪೆಟ್ಟಿಗೆಗೆ ತುಂಬುವ ಅವಸರ ಮೇಳಗಳಲ್ಲಿ ಸಹಜ. ಅನಿಲ ಬಲ್ಬಿಗೆ ಅದು ಮಾರಕ. ಪಂಖ ತಿರುಗಿ ತಣಿಯಲು ಕೊಡುವ ಆ ಹತ್ತಿಪ್ಪತ್ತು ನಿಮಿಷಗಳು ದೀಪದ ಗುಣಮಟ್ಟದಷ್ಟೇ ಬೆಲೆಯುಳ್ಳವು.

ಮೂರನೆಯ ಶತ್ರು ಹವೆ. ಕರಾವಳಿಯ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಬಯಲುಸೀಮೆಯ ಸುಗ್ಗಿಯ ಕಾಲದ ಧೂಳನ್ನು ಪಂಖವೇ ಒಳಕ್ಕೆ ಎಳೆದು ಮಸೂರದ ಮೇಲೆ ಹರಡುತ್ತದೆ. ಬೆಳಕಿಗೆ ಮುತ್ತುವ ಹಾತೆಗಳು ಒಳಗೆ ಹೊಕ್ಕು ಸುಟ್ಟು ಅಂಟಿಕೊಳ್ಳುತ್ತವೆ. ಒಳಾಂಗಣದ ದೀಪಗಳ ಮೇಲೆ ‘ಐಪಿ ೨೦’ ಎಂದಿರುತ್ತದೆ. ಎಂದರೆ ಬೆರಳು ತಗಲದಷ್ಟು ರಕ್ಷಣೆ, ಧೂಳಿಗೂ ನೀರಿಗೂ ಏನೂ ಇಲ್ಲ. ‘ಐಪಿ ೬೫’ ಎಂದರೆ ಧೂಳು ನುಗ್ಗದು, ಎರಚುವ ನೀರನ್ನೂ ತಾಳುತ್ತದೆ. ಆದರೆ ಅದರ ತೂಕ ಹೆಚ್ಚು, ಬೆಲೆ ಹೆಚ್ಚು, ಬಿಚ್ಚಿ ರಿಪೇರಿ ಮಾಡುವುದು ಕಷ್ಟ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಬಯಲಿನಲ್ಲಿ ಸಿಗುವ ಮೇಳಕ್ಕೆ ಈ ಹೆಚ್ಚುವರಿ ವೆಚ್ಚ ಸಮರ್ಥನೀಯ. ಸಭಾಂಗಣದಲ್ಲೇ ಆಡುವ ತಂಡಕ್ಕೆ ಅದು ದುಂದು.

ನಾಲ್ಕನೆಯದು, ಮತ್ತು ಬಹುಶಃ ಎಲ್ಲಕ್ಕಿಂತ ಘಾತಕವಾದದ್ದು, ವಿದ್ಯುತ್ತು. ಜನರೇಟರಿನ ನ್ಯೂಟ್ರಲ್ ತಂತಿ ಸಡಿಲಗೊಂಡರೆ ೨೩೦ ವೋಲ್ಟಿನ ಸಲಕರಣೆಗೆ ೪೦೦ ವೋಲ್ಟಿನ ಸಮೀಪದ ಒತ್ತಡ ಹರಿಯಬಹುದು. ಹಳೆಯ ಹ್ಯಾಲೊಜನ್ ದೀಪಕ್ಕೆ ಆಗುತ್ತಿದ್ದ ನಷ್ಟ ಒಂದು ಬಲ್ಬು. ಹೊಸ ದೀಪಕ್ಕಾದರೆ ಇಡೀ ವಿದ್ಯುನ್ಮಾನ ಫಲಕ. ವೋಲ್ಟೇಜು ಮಿತಿ ಮೀರಿದರೆ ತಾನೇ ಸಂಪರ್ಕ ಕಡಿಯುವ ರಕ್ಷಕವೊಂದನ್ನು ಕೊಳ್ಳದೆ ದೀಪಗಳನ್ನು ಮಾತ್ರ ಕೊಂಡ ತಂಡ, ಬಾಗಿಲಿಲ್ಲದ ಮನೆಗೆ ಬೆಳ್ಳಿ ತಂದಿಟ್ಟಂತೆ. ಸಂಕೇತದ ತಂತಿಯ ವಿಚಾರದಲ್ಲೂ ಹೀಗೆಯೇ. ಡಿಎಂಎಕ್ಸ್‌ಗೆ ಮೈಕಿನ ತಂತಿ ಹೊಂದುವುದಿಲ್ಲ; ಸರಪಳಿಯ ಕೊನೆಯಲ್ಲಿ ೧೨೦ ಓಮ್‌ನ ಪ್ರತಿರೋಧಕ ಸಿಕ್ಕಿಸದಿದ್ದರೆ ಸಂಕೇತ ಮರಳಿ ಪ್ರತಿಫಲಿಸಿ ದೀಪಗಳು ಮೈಮೇಲೆ ಬಂದವರಂತೆ ನಡುಗುತ್ತವೆ. ‘ದೀಪ ಕೆಟ್ಟಿದೆ’ ಎಂಬ ತೀರ್ಮಾನದ ಹಿಂದೆ ಎಷ್ಟೋ ಬಾರಿ ಇರುವುದು ಕೆಲವೇ ರೂಪಾಯಿಗಳ ಈ ಪ್ರತಿರೋಧಕದ ಅಭಾವ.

೫

ಇನ್ನು ‘ಕೈಗೆಟುಕುವ ಬೆಲೆ’ಯ ಪ್ರಶ್ನೆ. ಮೂವಿಂಗ್ ಹೆಡ್ ಪರವಾಗಿ ಮಂಡಿಸುವ ಗಟ್ಟಿಯಾದ ವಾದವೊಂದಿದೆ. ಅದನ್ನು ಮೊದಲು ನ್ಯಾಯವಾಗಿ ಕೇಳಬೇಕು. ಸಾವಿರ ವ್ಯಾಟಿನ ಹನ್ನೆರಡು ಹ್ಯಾಲೊಜನ್ ದೀಪಗಳಿಗೆ ಹನ್ನೆರಡು ಕಿಲೋವ್ಯಾಟ್, ಎಂದರೆ ೨೩೦ ವೋಲ್ಟಿನಲ್ಲಿ ಐವತ್ತೆರಡು ಆಂಪಿಯರ್ ಬೇಕು. ಹಳ್ಳಿಯ ಶಾಲೆಯ ೧೬ ಆಂಪಿಯರಿನ ಒಂದು ಸಾಕೆಟ್ಟಿನಿಂದ ಅಂಥ ಮೂರು ದೀಪ ಉರಿಸುವುದೇ ಕಷ್ಟ. ಕಾಲು ಕಿಲೋವ್ಯಾಟ್ ಬೇಡುವ ಎಂಟು ಎಲ್‌ಇಡಿ ದೀಪಗಳಾದರೆ ಅದೇ ಸಾಕೆಟ್ಟಿನಲ್ಲಿ ಆರಾಮವಾಗಿ ಉರಿಯುತ್ತವೆ. ಡಿಮ್ಮರ್ ಪೆಟ್ಟಿಗೆ ಬೇಡ, ದಪ್ಪ ತಂತಿಯ ಹೊರೆ ಬೇಡ, ಬಣ್ಣದ ಹಾಳೆ ಬೇಡ. ನಾಲ್ಕು ಸ್ಥಿರ ದೀಪಗಳ ಕೆಲಸವನ್ನು ಒಂದೇ ದೀಪ ದೃಶ್ಯದಿಂದ ದೃಶ್ಯಕ್ಕೆ ದಿಕ್ಕು ಬದಲಿಸಿ ಮಾಡುತ್ತದೆ. ಏಣಿ ಹತ್ತಿ ಪ್ರತಿ ದೀಪವನ್ನೂ ಕೈಯಲ್ಲಿ ತಿರುಗಿಸುವ ಅಪಾಯದ ಕೆಲಸ ಇಲ್ಲವಾಗುತ್ತದೆ. ಹ್ಯಾಲೊಜನ್ ಬಲ್ಬುಗಳ ಉತ್ಪಾದನೆಯೇ ಇಳಿಮುಖವಾಗಿರುವಾಗ ಹಳೆಯ ದೀಪಗಳಿಗೆ ಅಂಟಿಕೊಂಡಿರುವುದೂ ದೂರದ ದಾರಿಯಲ್ಲ. ಈ ಎಲ್ಲ ಮಾತೂ ನಿಜ.

ಆದರೆ ಇದೇ ವಾದದೊಳಗೆ ಒಂದು ಮರೆವು ಇದೆ. ಏಣಿಯ ಮೇಲೆ ಕಳೆಯುತ್ತಿದ್ದ ಸಮಯ ಮಾಯವಾಗುವುದಿಲ್ಲ. ಅದು ನಿಯಂತ್ರಣ ಫಲಕದ ಮುಂದೆ ಕುಳಿತು ಕಳೆಯುವ ಸಮಯವಾಗುತ್ತದೆ. ನಿನ್ನೆಯ ಊರಿನಲ್ಲಿ ಇಪ್ಪತ್ತು ಅಡಿ ಎತ್ತರದಿಂದ ನಟನ ಮುಖಕ್ಕೆ ಸರಿಯಾಗಿ ಬಿದ್ದ ಬೆಳಕು ಇಂದಿನ ಊರಿನಲ್ಲಿ ಹನ್ನೆರಡು ಅಡಿ ಎತ್ತರದಿಂದ ಬೀಳುವಾಗ ಅವನ ಮೊಣಕಾಲಿಗೆ ಬೀಳುತ್ತದೆ. ನಾಟಕದ ಎಂಬತ್ತು ಬೆಳಕಿನ ಬದಲಾವಣೆಗಳಲ್ಲಿ ಪ್ರತಿಯೊಂದನ್ನೂ ತಿದ್ದಲು ಸಂಜೆಯ ಎರಡು ಗಂಟೆ ಸಾಲದು. ಇದಕ್ಕೆ ಪರಿಹಾರ ಉಂಟು: ‘ಸಿಂಹಾಸನ’, ‘ಎಡಬಾಗಿಲು’, ‘ನಡುಮುಂಭಾಗ’ ಎಂದು ಏಳೆಂಟು ಮೂಲಸ್ಥಾನಗಳನ್ನು ಮಾತ್ರ ನೆನಪಿನಲ್ಲಿ ದಾಖಲಿಸಿ, ಎಲ್ಲ ಬದಲಾವಣೆಗಳೂ ಆ ಸ್ಥಾನಗಳನ್ನೇ ಕರೆಯುವಂತೆ ನಾಟಕವನ್ನು ಕಟ್ಟಬೇಕು. ಆಗ ಹೊಸ ಊರಿನಲ್ಲಿ ಆ ಏಳೆಂಟನ್ನು ತಿದ್ದಿದರೆ ಇಡೀ ನಾಟಕ ತಿದ್ದಿಕೊಳ್ಳುತ್ತದೆ. ಆದರೆ ಇದನ್ನು ತಾಲೀಮಿನ ಹಂತದಲ್ಲೇ, ನಿರ್ದೇಶಕನೊಡನೆ ಕುಳಿತು ಯೋಚಿಸುವ ಬೆಳಕಿನ ವಿನ್ಯಾಸಕಾರ ಬೇಕು. ಕೊನೆಯ ವಾರ ಬಂದು ‘ಎಫೆಕ್ಟ್’ ಕೊಟ್ಟು ಹೋಗುವವನಿಂದ ಇದು ಆಗದು. ದೀಪಕ್ಕೆ ಹಣ ಹೊಂದಿಸಿ ಮನುಷ್ಯನಿಗೆ ಸಂಬಳ ಹೊಂದಿಸದ ತಂಡ ಅರ್ಧ ಮಾತ್ರ ಕೊಂಡಿದೆ.

ಬಾಡಿಗೆಯ ದೀಪಗಳನ್ನು ನೆಚ್ಚಿದರೆ ತೊಡಕು ಇನ್ನೊಂದು. ಒಂದೂರಿನ ಬಾಡಿಗೆದಾರನ ದೀಪ ಹದಿನಾರು ವಾಹಿನಿಯದು, ಮುಂದಿನ ಊರಿನದು ಇಪ್ಪತ್ತಕ್ಕೆ ಹೊಂದಿಸಿದ್ದು. ಒಂದರಲ್ಲಿ ಆರನೆಯ ವಾಹಿನಿ ಬಣ್ಣವಾದರೆ ಇನ್ನೊಂದರಲ್ಲಿ ಅದು ಮಿಣುಕು. ಶೋಕದೃಶ್ಯದಲ್ಲಿ ದೀಪಗಳು ಒಮ್ಮೆಲೇ ಮಿಣುಕತೊಡಗಿದರೆ ಅದಕ್ಕೆ ಹೊಣೆ ಯಂತ್ರವಲ್ಲ, ಹೊಂದಾಣಿಕೆಯಿಲ್ಲದ ವ್ಯವಸ್ಥೆ. ಆದ್ದರಿಂದ ರೆಪರ್ಟರಿಯೊಂದಕ್ಕೆ ನನ್ನ ಸೂಚನೆ ಹೀಗಿದೆ: ಒಂದೇ ಮಾದರಿಯ, ಅಂಚು ಕತ್ತರಿಸಬಲ್ಲ, ಎಲ್‌ಇಡಿಯ ನಾಲ್ಕು ಚಲಿಸುವ ದೀಪಗಳು ಸ್ವಂತಕ್ಕೆ, ಜೊತೆಗೆ ಅದೇ ಮಾದರಿಯ ಒಂದು ಮೀಸಲು. ಉಳಿದದ್ದೆಲ್ಲ ಸ್ಥಿರ ದೀಪಗಳೇ ಆಗಲಿ. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಪ್ರಖರ?’ ಎಂದಲ್ಲ, ‘ಇದರ ಪಟ್ಟಿ, ಪಂಖ, ವಿದ್ಯುತ್ ಫಲಕ ಬಿಡಿಯಾಗಿ ಎಲ್ಲಿ ಸಿಗುತ್ತದೆ, ಬಿಚ್ಚಿ ಕೂರಿಸಲು ಎಷ್ಟು ಹೊತ್ತು ಬೇಕು?’ ಎಂಬುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಸಿಗುವ ಸಾಮಾನ್ಯ ದೀಪ, ಕಡಲಾಚೆಗೆ ಕಳುಹಿಸಿ ರಿಪೇರಿ ಮಾಡಿಸಬೇಕಾದ ಶ್ರೇಷ್ಠ ದೀಪಕ್ಕಿಂತ ಸಂಚಾರಿ ತಂಡಕ್ಕೆ ಹೆಚ್ಚು ಭರವಸೆಯದು.

೬

ಈವರೆಗಿನ ಮಾನದಂಡಗಳೆಲ್ಲ ದೀಪ ಉರಿಯುತ್ತದೆಯೇ ಎಂಬುದಕ್ಕೆ ಸಂಬಂಧಿಸಿದವು. ಉರಿದಾಗ ಏನು ಕಾಣಿಸುತ್ತದೆ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಸ್ವಿಟ್ಜರ್‌ಲ್ಯಾಂಡಿನ ರಂಗಚಿಂತಕ ಅಡಾಲ್ಫ್ ಅಪ್ಪಿಯಾ (೧೮೬೨–೧೯೨೮) ಎರಡು ಬೆಳಕುಗಳ ನಡುವೆ ಭೇದ ಮಾಡಿದ: ಎಲ್ಲೆಡೆ ಹರಡಿ ವಸ್ತುಗಳನ್ನು ಕಾಣುವಂತೆ ಮಾಡುವ ಬೆಳಕು, ಮತ್ತು ನೆರಳನ್ನು ಹುಟ್ಟಿಸಿ ದೇಹಕ್ಕೆ ಆಕಾರ ಕೊಡುವ ಕ್ರಿಯಾಶೀಲ ಬೆಳಕು. ಎರಡನೆಯದರ ಕೇಂದ್ರದಲ್ಲಿ ಇದ್ದದ್ದು ನಟನ ದೇಹ. ಶಾರ್ಪಿಯ ಕಿರಣ ಈ ಎರಡೂ ವರ್ಗಕ್ಕೆ ಸೇರುವುದಿಲ್ಲ. ಅದರ ಕೋನ ಮೂರು ನಾಲ್ಕು ಡಿಗ್ರಿಗಳಷ್ಟೇ. ಒಬ್ಬ ನಟನನ್ನು ಪೂರ್ತಿ ಆವರಿಸಲೂ ಅದಕ್ಕೆ ಆಗದು. ಅದು ಬೆಳಗುವುದು ಹೊಗೆಯನ್ನು. ಯಂತ್ರದಿಂದ ಹೊರಟ ಹೊಗೆಯಲ್ಲಿ ತನ್ನನ್ನು ತಾನೇ ಒಂದು ಕಂಬವಾಗಿ ತೋರಿಸಿಕೊಳ್ಳುವ ಬೆಳಕು ಅದು. ಅರ್ಥಾತ್, ಇಲ್ಲಿ ಬೆಳಕು ಕಾಣಿಸುವ ಸಾಧನವಾಗಿ ಉಳಿಯದೆ ಕಾಣಬೇಕಾದ ವಸ್ತುವೇ ಆಗಿದೆ. ಡೇರೆಯ ಬಟ್ಟೆಯ ಸಮೀಪ ಇಂಥ ಸಾಂದ್ರ ಕಿರಣವನ್ನು ನಿಲ್ಲಿಸುವುದು ಬೆಂಕಿಯ ಅಪಾಯವನ್ನೂ ತರುತ್ತದೆ. ತಯಾರಕರು ನಮೂದಿಸುವ ಕನಿಷ್ಠ ಅಂತರವನ್ನು ನಮ್ಮ ಡೇರೆಗಳ ಅಳತೆ ಅನೇಕ ವೇಳೆ ಒದಗಿಸಲಾರದು.

ಬಣ್ಣದ ವಿಚಾರದಲ್ಲಿ ನಷ್ಟ ಇನ್ನೂ ಸೂಕ್ಷ್ಮ. ಹ್ಯಾಲೊಜನ್ ಬೆಳಕಿನ ವರ್ಣತಾಪ ೩,೨೦೦ ಕೆಲ್ವಿನ್ ಆಸುಪಾಸು. ಅದರಲ್ಲಿ ಕೆಂಪು ಸಮೃದ್ಧ. ಕಿರಣದೀಪಗಳ ಅನಿಲ ಬಲ್ಬು ಅದರ ಎರಡು ಪಟ್ಟಿಗೂ ಮೀರಿದ ನೀಲಿಛಾಯೆಯ ಬಿಳುಪು ಕೊಡುತ್ತದೆ. ಕೆಂಪು, ಹಸಿರು, ನೀಲಿ ಮಾತ್ರ ಇರುವ ಅಗ್ಗದ ಎಲ್‌ಇಡಿಗಳು ಮೂರನ್ನೂ ಬೆರೆಸಿ ಬಿಳಿಯೆಂಬ ಭ್ರಮೆ ಹುಟ್ಟಿಸುತ್ತವೆ. ನಡುವಿನ ವರ್ಣಗಳು ಅಲ್ಲಿ ಇರುವುದೇ ಇಲ್ಲ. ಯಕ್ಷಗಾನದ ಮುಖವರ್ಣಿಕೆಯಲ್ಲಿ ಕೆಂಪು, ಹಳದಿ, ಅವುಗಳ ನಡುವಿನ ಚರ್ಮದ ಛಾಯೆ ಇವುಗಳ ಅಂತರದಲ್ಲೇ ಪಾತ್ರದ ಸ್ವಭಾವ ಬರೆದಿರುತ್ತದೆ. ರಾಜವೇಷದ ಮುಖದ ಹೊಂಬಣ್ಣ ಈ ಬೆಳಕಿನಲ್ಲಿ ಬೂದಿ ಬಳಿದಂತಾಗುತ್ತದೆ. ಬಣ್ಣದ ವೇಷದ ಕೆಂಪು ಕಪ್ಪಿಗೆ ತಿರುಗುತ್ತದೆ. ವೇಷಧಾರಿ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಬರೆದದ್ದನ್ನು ರಂಗಸ್ಥಳದ ದೀಪ ಒಂದು ಕ್ಷಣದಲ್ಲಿ ಅಳಿಸುತ್ತದೆ. ಇದಕ್ಕೆ ಮದ್ದು ಎಲ್‌ಇಡಿಯನ್ನು ತ್ಯಜಿಸುವುದಲ್ಲ; ಬೆಚ್ಚನೆಯ ಬಿಳಿ ಮತ್ತು ಅಂಬರ್ ವರ್ಣಗಳೂ ಸೇರಿರುವ, ಕೆಂಪನ್ನು ನಿಷ್ಠೆಯಿಂದ ತೋರುವ ದೀಪವನ್ನು ಆರಿಸುವುದು. ಆಯ್ಕೆಯ ಪರೀಕ್ಷೆಗೆ ಬಿಳಿಗೋಡೆ ಸಾಲದು. ವೇಷ ಕಟ್ಟಿದ ಒಬ್ಬ ಕಲಾವಿದನನ್ನು ದೀಪದ ಮುಂದೆ ನಿಲ್ಲಿಸಿ ನೋಡಬೇಕು.

ಮಂದವಾಗುವ ಬಗೆಯೂ ಪರಿಗಣನೀಯ. ಹ್ಯಾಲೊಜನ್ ದೀಪ ಆರುವಾಗ ಕೆಂಪಾಗುತ್ತಾ ಆರುತ್ತದೆ, ಸಂಜೆಯಂತೆ. ಎಂಟು ಬಿಟ್ಟಿನ ನಿಯಂತ್ರಣದ ಎಲ್‌ಇಡಿಯಲ್ಲಿ ಪೂರ್ಣ ಬೆಳಕಿನಿಂದ ಕತ್ತಲೆಯವರೆಗೆ ಇರುವುದು ೨೫೬ ಮೆಟ್ಟಿಲು. ಒಂದು ನಿಮಿಷದ ನಿಧಾನ ಅಸ್ತಮಾನದಲ್ಲಿ ಕೊನೆಯ ಮೆಟ್ಟಿಲುಗಳು ಕಣ್ಣಿಗೆ ಎಡವುತ್ತವೆ. ಹದಿನಾರು ಬಿಟ್ಟಿನದಾದರೆ ಅರವತ್ತೈದು ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಇಳಿದದ್ದು ತಿಳಿಯುವುದಿಲ್ಲ. ಸಂಗೀತ ಸಂಜೆಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ನಾಟಕಕ್ಕೆ ಇದೇ ಜೀವಾಳ. ಪಂಖದ ಸದ್ದಿನ ಮಾತೂ ಹೀಗೆಯೇ. ಮೈಕಿಲ್ಲದೆ ಆಡುವ ಸಭಾಂಗಣದಲ್ಲಿ ಎಂಟು ಪಂಖಗಳ ಮೊರೆತದ ಕೆಳಗೆ ಪಿಸುಮಾತಿನ ಅಭಿನಯ ಸಾಯುತ್ತದೆ. ನಟ ಧ್ವನಿ ಏರಿಸುತ್ತಾನೆ. ಆಮೇಲೆ ಮೈಕು ಬರುತ್ತದೆ. ಒಂದು ದೀಪದ ಆಯ್ಕೆ ಅಭಿನಯದ ಶೈಲಿಯನ್ನೇ ಬದಲಿಸುವುದು ಹೀಗೆ.

೭

ಹಾಗಾದರೆ ಚಲಿಸುವ ಬೆಳಕಿಗೆ ನಾಟಕದಲ್ಲಿ ಸಾರ್ಥಕ ಸ್ಥಾನವೇ ಇಲ್ಲವೆ? ಖಂಡಿತ ಇದೆ. ಪ್ರೇಕ್ಷಕರ ಕಣ್ಣೆದುರು ಚಲಿಸದೆ, ಕತ್ತಲೆಯಲ್ಲಿ ಚಲಿಸಿ ಬೆಳಕಿನಲ್ಲಿ ಸ್ಥಿರವಾಗಿ ನಿಲ್ಲುವ ಬಳಕೆ ಅದರ ಮೊದಲ ಘನತೆ. ಆಗ ನಾಲ್ಕೇ ದೀಪಗಳಿರುವ ಬಡ ತಂಡಕ್ಕೆ ಇಪ್ಪತ್ತು ದೀಪಗಳ ಸಿರಿ ಒದಗುತ್ತದೆ. ಕಣ್ಣೆದುರೇ ಚಲಿಸುವುದಾದರೆ ಆ ಚಲನೆಗೆ ಒಂದು ನಾಟಕೀಯ ಕರ್ತೃವಿರಬೇಕು: ಹುಡುಕುವ ಸೈನಿಕ, ಏರುವ ಸೂರ್ಯ, ಒಂದು ಪಾತ್ರದಿಂದ ಇನ್ನೊಂದಕ್ಕೆ ಜಾರುವ ಸಂಶಯ. ಯಾರ ಚಲನೆ ಇದು ಎಂದು ಕೇಳಿದಾಗ ಉತ್ತರವಿಲ್ಲದಿದ್ದರೆ ಆ ಚಲನೆ ಅನಗತ್ಯ.

ಇಂದಿನ ಯಕ್ಷಗಾನ ಪ್ರದರ್ಶನಗಳಲ್ಲಿ ದೇವಿಯ ಪ್ರತ್ಯಕ್ಷಕ್ಕೂ ರಾಕ್ಷಸನ ಆರ್ಭಟಕ್ಕೂ ಒಂದೇ ಬಗೆಯಲ್ಲಿ ತಿರುಗುವ ಬಣ್ಣದ ಕಿರಣಗಳನ್ನು ಕಂಡಾಗ ಈ ಪ್ರಶ್ನೆ ತೀವ್ರವಾಗುತ್ತದೆ. ಚಂಡೆಯ ಉರುಳಿಕೆಗೂ ಕಿರಣದ ತಿರುಗಾಟಕ್ಕೂ ತಾಳದ ಸಂಬಂಧವಿಲ್ಲ. ಅದು ಫಲಕದಲ್ಲಿ ತಯಾರಕ ಮೊದಲೇ ತುಂಬಿಕೊಟ್ಟ ವೃತ್ತಗತಿ. ಭಾಗವತರ ಪದದ ಕಾಲ ಬದಲಾದರೂ ಅದರ ಕಾಲ ಬದಲಾಗದು. ಹಿಮ್ಮೇಳವೂ ಮುಮ್ಮೇಳವೂ ಪರಸ್ಪರ ಕೇಳಿಸಿಕೊಂಡು ಆ ಕ್ಷಣದಲ್ಲೇ ಕಟ್ಟುವ ಕಲೆಯಲ್ಲಿ, ಯಾರನ್ನೂ ಕೇಳಿಸಿಕೊಳ್ಳದ ಒಬ್ಬ ಪಾತ್ರಧಾರಿ ರಂಗಸ್ಥಳಕ್ಕೆ ಬಂದಂತಾಗಿದೆ. ಲೈಟಿಂಗ್‌ನವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಅವರನ್ನು ಚೌಕಿಗೆ ಕರೆದು ಪ್ರಸಂಗದ ನಡೆ ತಿಳಿಸುವ, ಭಾಗವತರ ಸನ್ನೆ ಕಾಣುವ ಜಾಗದಲ್ಲಿ ಅವರಿಗೆ ಪೀಠ ಹಾಕುವ ಕ್ರಮವನ್ನು ಮೇಳಗಳು ರೂಢಿಸಿಕೊಳ್ಳಬೇಕು. ಚಂಡೆಯವನಿಗೆ ಇರುವ ತಾಳಜ್ಞಾನ ಬೆಳಕಿನವನಿಗೂ ಬೇಕೆಂದು ಒಪ್ಪಿದ ದಿನ ಈ ಯಂತ್ರವೂ ಹಿಮ್ಮೇಳದ ಭಾಗವಾಗಬಹುದು.

೮

ಕೊನೆಯದಾಗಿ, ಸಂಚಾರಿ ರಂಗಭೂಮಿಯ ಮೂಲ ಆಶಯವನ್ನು ನೆನೆಯಬೇಕು. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನಿಂದ ಹೊರಟ ತಿರುಗಾಟದ ಹಿಂದಿದ್ದ ಬಹುದೊಡ್ಡ ಮಾತು, ಸಣ್ಣ ಊರಿನ ಪ್ರೇಕ್ಷಕ ದೊಡ್ಡ ಊರಿನ ಪ್ರೇಕ್ಷಕನಿಗೆ ಸಮಾನ ಎಂಬುದು. ರಾಜಧಾನಿಯ ಸುಸಜ್ಜಿತ ರಂಗಮಂದಿರದಲ್ಲಿ ಹದಿನಾರು ಚಲಿಸುವ ದೀಪಗಳೊಡನೆ ಆಡಿ, ಹಳ್ಳಿಯ ಶಾಲೆಯಲ್ಲಿ ‘ಇಲ್ಲಿ ಇಷ್ಟೇ ಸಾಧ್ಯ’ ಎಂದು ನಾಲ್ಕು ಟ್ಯೂಬ್‌ಲೈಟಿನಲ್ಲಿ ಆಡುವ ನಾಟಕ ಎರಡು ಬೇರೆ ನಾಟಕಗಳು. ಹಳ್ಳಿಗೆ ಸಿಗುವುದು ಸೋಸಿದ ನೀರು. ಇದು ತಾಂತ್ರಿಕ ಕೊರತೆಯಲ್ಲ, ನೈತಿಕ ಕೊರತೆ. ತದ್ವಿರುದ್ಧವಾಗಿ, ಅತ್ಯಂತ ಬಡ ಸ್ಥಳದಲ್ಲೂ ಪೂರ್ತಿಯಾಗಿ ನಡೆಯುವಂತೆ ಬೆಳಕನ್ನು ಯೋಚಿಸಿ, ಅದನ್ನೇ ರಾಜಧಾನಿಗೂ ಒಯ್ಯುವ ತಂಡ ಸಮಾನತೆಯನ್ನು ಆಚರಣೆಗೆ ತಂದಿದೆ ಎನ್ನಬಹುದು.

ಆದ್ದರಿಂದ ಆಯ್ಕೆಯ ಅಂತಿಮ ಒರೆಗಲ್ಲು ಇದು: ನಾಟಕದ ನಡುವೆ ಚಲಿಸುವ ದೀಪಗಳೆಲ್ಲ ಕೆಟ್ಟು ನಿಂತರೆ ಏನು ಉಳಿಯುತ್ತದೆ? ನಟನ ಮುಖ ಬೆಳಗಲು ಎರಡು ಸ್ಥಿರ ದೀಪಗಳು, ಅವುಗಳಿಗೆ ಫಲಕವನ್ನು ಅವಲಂಬಿಸದ ಒಂದು ಸಾದಾ ಗುಂಡಿ, ಮತ್ತು ಆ ಬೆಳಕಿನಲ್ಲೇ ಅರ್ಥಪೂರ್ಣವಾಗಿ ಮುಂದುವರಿಯಬಲ್ಲ ದೃಶ್ಯ: ಇಷ್ಟು ಉಳಿದರೆ ಆ ತಂಡ ದೀಪಗಳನ್ನು ಸರಿಯಾಗಿ ಆರಿಸಿದೆ. ಏನೂ ಉಳಿಯದಿದ್ದರೆ, ಕೊಂಡ ದೀಪ ಎಷ್ಟೇ ಬಾಳಿಕೆಯದಾಗಿರಲಿ, ಎಷ್ಟೇ ಅಗ್ಗವಾಗಿ ದೊರೆತಿರಲಿ, ಆ ನಾಟಕ ಭರವಸೆಯದಲ್ಲ. ಬೆಳಕು ಪೂರಕವಾಗಿತ್ತೇ ಎಂದು ವಿಮರ್ಶಕ ಬರೆಯುವ ಮುನ್ನ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ.